ಕುಸುಬಿ ಎಣ್ಣೆ ಕುಡಿದ ವೈಪರ್

ಉಳಿವೆಪ್ಪಾ,

ನಾನು ಸೂಲಗಿತ್ತಿ ಹೊನ್ನವ್ವನನ್ನು ಕರೆತರಲು ಸವಣೂರಿಗೆ ಹೊರಟಿದ್ದೇನೆ. ಜೀಪು ನಿನ್ನ ಪಾಲಿಗೆ ಬಿತ್ತು, ಅದರ ಹಣೆಬರಹ.

ಬರ್ಮಾದ ಕಾಡಿನಲ್ಲಿ ಜಪಾನಿನ ಇಡೀ ದಂಡಿಗೆ ಹೆದರದ ಗಾಡಿ ನಿನ್ನ ಕೈಗೆ ಸಿಕ್ಕು ಸೋತಿತು. ವೈಪರ್ ಯಾಕೆ ತೆವಳುತ್ತಿದೆ ಎಂದು ಕೇಳಿದರೆ, "ಎಣ್ಣಿ ಬಿಟ್ಟೇನಿ ಅಣ್ಣಾ, ಇನ್ನ ಕುದರಿ ಓಡಿದಂಗ ಓಡತೈತಿ" ಅಂದೆ. ಬಿಟ್ಟಿದ್ದು ಅವ್ವನ ಒಗ್ಗರಣೆಯ ಕುಸುಬಿ ಎಣ್ಣೆ. ಅದು ಕೀಲಿನಲ್ಲಿ ಒಣಗಿ ಅಂಟಾಗಿದೆ. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಕತ್ತೆಗಳಿಗೂ ಇದು ಗೊತ್ತು.

ವೈಪರಿನ ಕಡ್ಡಿ ಬಿಚ್ಚು. ಕೀಲನ್ನು ಚಿಮಣಿ ಎಣ್ಣೆಯಲ್ಲಿ ನೆನೆಸಿ ಅರಿವೆಯಿಂದ ತಿಕ್ಕು. ಆಮೇಲೆ ಇಂಜಿನ್ ಎಣ್ಣೆ ಒಂದೆರಡು ಹನಿ ಬಿಡು. ಅಡಿಗೆಮನೆಗೆ ಕಾಲಿಡಬೇಡ. ವೈಪರ್ ಸರಿಯಾಗಿ ಆಡುವುದನ್ನು ಅವ್ವನಿಗೆ ತೋರಿಸಿಯೇ ಹೊರಡು. ನಿನ್ನ ಮಾತನ್ನು ನಾನು ನಂಬುವುದಿಲ್ಲ.

ಅಮಾವಾಸ್ಯೆ ಕಳೆಯಲೆಂದು ಅತ್ತೆ ತಡೆದಿದ್ದಕ್ಕೆ ಸಾವಂತ್ರಕ್ಕ ದಿನ ತುಂಬಿದರೂ ತಿಳವಳ್ಳಿಯ ಗಂಡನ ಮನೆಯಲ್ಲೇ ಇದ್ದಾಳೆ. ಕತ್ತಲಾಗುವುದರೊಳಗೆ ಮನೆಗೆ ಕರೆದುಕೊಂಡು ಬಾ. ನಾನಾದರೆ ಈ ಮಳೆಯಲ್ಲಿ ಕಣ್ಣು ಕಟ್ಟಿಕೊಂಡೇ ಕರೆತರುತ್ತಿದ್ದೆ. ನೀನು ಮಾತ್ರ ಗಾಜಿನಾಚೆ ದಾರಿ ಕಾಣದಿದ್ದರೆ ಅಲ್ಲೇ ನಿಲ್ಲಿಸು. ಅಕ್ಕ ನಕ್ಕರೆ ನಗಲಿ. ಎಷ್ಟೇ ಹೊತ್ತಾಗಲಿ, ಹೊನ್ನವ್ವನನ್ನು ಕರೆದುಕೊಂಡು ನಾನೇ ನಿಮ್ಮನ್ನು ಹುಡುಕಿ ಬರುತ್ತೇನೆ.