ಜ್ವಾಲೆ ಕಾಣದ ದಿನಗಳನ್ನೂ ಎಣಿಸಿ

ಮಾನ್ಯ ನಿವೃತ್ತಿ ಅಧಿಕಾರಿಗಳೇ,

ನನ್ನ ಅಪ್ಪ ಸರ್ಕಾವಿ ಇಪ್ಪತ್ತಮೂರು ವರ್ಷದಿಂದ ನಿಮ್ಮ ಅಗ್ನಿಶಾಮಕ ದಳದಲ್ಲಿದ್ದಾರೆ. ನಿಮ್ಮ ಕಡತದ ಪ್ರಕಾರ ಅವರು ಬೆಂಕಿ ಆರಿಸಿದ್ದು ಒಂಬತ್ತೇ ವರ್ಷ. ಇಪ್ಪತ್ತು ವರ್ಷದ ಅಪಾಯದ ಸೇವೆಯಿದ್ದರೆ ಐವತ್ತೈದಕ್ಕೆ ನಿವೃತ್ತಿ, ಇಲ್ಲದಿದ್ದರೆ ಅರವತ್ತಕ್ಕೆ. ಅಪ್ಪನಿಗೀಗ ಐವತ್ತಾರು. ಜ್ವಾಲೆ ಕಂಡ ದಿನವಷ್ಟೇ ಅಪಾಯದ ದಿನವಂತೆ. ಮಿಕ್ಕಿದ್ದೆಲ್ಲ ನೆಲ ಕಾಯುವ ಕೆಲಸವಂತೆ.

ಬಾರಿಟೊ ನದಿಯ ಈ ದಂಡೆಯಲ್ಲಿ ಬೆಂಕಿ ನಿಮ್ಮ ನಿಯಮ ಓದಿಕೊಂಡು ಹತ್ತುವುದಿಲ್ಲ. ಎಲೆ, ಬೇರು ಕೊಳೆತು ಆದ ಕಪ್ಪು ನೆಲ ನಮ್ಮದು. ಮೇಲೆ ಹಸಿರು ಹುಲ್ಲಿರುವಾಗಲೇ ಒಳಗೆ ಕೆಂಡ ಹರಿಯುತ್ತದೆ. ಅಪ್ಪ ಮಂಡಿಯೂರಿ, ಅಂಗೈ ಒತ್ತಿ, ಬಿಸಿ ಎಲ್ಲಿದೆಯೆಂದು ಹೇಳಬೇಕು. ಅವರು ಆರಿದೆ ಎಂದ ಮೇಲೆಯೇ ದಳದ ಆರು ಜನ ಆ ನೆಲದ ಮೇಲೆ ನಡೆಯುವುದು. ಇದು ಅಪಾಯವಲ್ಲವಾದರೆ ನಿಮ್ಮ ಕಚೇರಿಯಲ್ಲಿ ಯಾವುದಕ್ಕೆ ಅಪಾಯ ಎನ್ನುತ್ತಾರೆ?

ಕಳೆದ ತಿಂಗಳು ಅಪ್ಪನ ಜೊತೆ ನಿಮ್ಮ ಕಚೇರಿಗೆ ಬಂದಿದ್ದೆ. ನಿಮ್ಮ ಗುಮಾಸ್ತರು ನಕ್ಕರು. "ಉರೀನೇ ಇಲ್ಲ ಅಂದ್ಮೇಲೆ ಅದೆಂಥಾ ಬೆಂಕಿ ಯಜಮಾನ್ರೇ? ತಂಪಾಗಿ ಕೂತ್ಕೊಂಡು ಹುಲ್ಲು ಕಾದಿದೀರಿ."

"ಬೂಟು ಬಿಚ್ಚಿ ಒಂದ್ಸಲ ನಿಂತ್ನೋಡಿ ಸ್ವಾಮಿ," ಎಂದರು ಅಪ್ಪ.

"ಇಲ್ಲಿ ಟೈಲ್ಸ್ ಹಾಕ್ಸಿದೀವಿ, ಬಿಸಿ ಆಗಲ್ಲ. ಇನ್ನು ನಾಲ್ಕು ವರ್ಷ ತಾನೇ, ಕಾಯ್ರಿ."

ನಾನು ಬಾಗಿಲ ಬಳಿ ನಿಂತಿದ್ದೆ. ಆರನೇ ತರಗತಿಗೆ ಶಾಲೆ ಬಿಟ್ಟವಳು, ಎದುರು ನಿಂತು ವಾದಿಸಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಣಗಾಲದಲ್ಲಿ ಅಪ್ಪ ವಾರಗಟ್ಟಲೆ ಬರುವುದಿಲ್ಲ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನನ್ನ ಜೊತೆ ಮಾತಾಡುವುದು ರೇಡಿಯೊ ಮಾತ್ರ. ಮೊನ್ನೆ ಮನೆಗೆ ಬಂದ ಅಪ್ಪ ಒಲೆಯ ಮೇಲಿದ್ದ ಬಾಣಲೆಯನ್ನು ಬರಿಗೈಯಲ್ಲೇ ಎತ್ತಿ ಕೆಳಗಿಟ್ಟರು. ಮೀನು ಇನ್ನೂ ಎಣ್ಣೆಯಲ್ಲಿ ಚಟಗುಟ್ಟುತ್ತಿತ್ತು. ಅವರ ಮುಖದಲ್ಲಿ ನೋವಿನ ಸುಳಿವೂ ಇಲ್ಲ.

"ಅಪ್ಪಾ, ಸುಡಲಿಲ್ವಾ?"

ಅವರು ಅಂಗೈ ನೋಡಿಕೊಂಡರು. "ಈ ಕೈಗೆ ಬಿಸಿ ಗೊತ್ತಾಗಲ್ಲ ಅಂತ ಯಾರಿಗೂ ಹೇಳ್ಬೇಡ ಮಗಳೇ. ಕೈಲಾಗ್ದವನು ಅಂತ ಈಗ್ಲೇ ಮನೆಗೆ ಕಳಿಸಿದ್ರೆ ಪಿಂಚಣೀನೂ ಇಲ್ಲ."

ಈಗ ನಿಮಗೆ ಹೇಳಿಬಿಟ್ಟೆ. ಅವರು ನನ್ನ ಜೊತೆ ಮಾತು ಬಿಡಬಹುದು. ಬಿಡಲಿ, ಮಾತಿಲ್ಲದ ಮನೆ ನನಗೆ ರೂಢಿಯಾಗಿದೆ.

ಕೇಳುವುದು ಇಷ್ಟೇ: ಜ್ವಾಲೆ ಕಾಣದ ದಿನಗಳನ್ನೂ ಅಪಾಯದ ಸೇವೆಯೆಂದು ಎಣಿಸಿ, ಅಪ್ಪನನ್ನು ಈ ತಿಂಗಳೇ ಬಿಡುಗಡೆ ಮಾಡಿ. ಆಗದಿದ್ದರೆ ಒಂದು ದಿನ ಇಲ್ಲಿಗೆ ಬನ್ನಿ. ನೀವು ಬೆಂಕಿಯಿಲ್ಲವೆಂದು ಬರೆದಿಟ್ಟ ನೆಲಕ್ಕೆ ಅಪ್ಪ ಅಂಗೈ ಒತ್ತಿ, ಆರಿದೆ, ನಡೀರಿ ಎನ್ನುತ್ತಾರೆ. ಆ ಆರು ಜನ ಈಗಲೂ ನಂಬಿ ನಡೆಯುತ್ತಿದ್ದಾರೆ. ಅವರಿಗಿಂತ ಮುಂದೆ ನೀವು ನಡೆಯುತ್ತೀರಾ?

ಇಂತಿ,
ಇಬ್ಬರಿಗೆ ಅನ್ನ ಮಾಡಿ ಒಬ್ಬಳೇ ಉಣ್ಣುವ
ಮಸ್ಲಿಯಾನಿ