ನಲವತ್ತು ಅಡಿ

ತಾರೀಕು ಹನ್ನೆರಡು, ಮಂಗಳವಾರ
ಆಫೀಸಿನಿಂದ, ಊಟದ ಬಿಡುವಿನಲ್ಲಿ

ಪ್ರೀತಿಯ ಪಿಟೀಲು,

ಐವತ್ತು ದಾಟಿದವಳನ್ನು ಇನ್ನೂ ಹೀಗೆ ಕರೀತೀಯಲ್ಲ ಅಂತ ಮೂತಿ ತಿರುವಬೇಡ. ತೊಟ್ಟಿಲಲ್ಲೇ ಕುಂಯ್ ಕುಂಯ್ ಶುರು ಮಾಡಿದವಳು ನೀನು. ಈಗ ಮೂರು ವಾರದಿಂದ ಆ ಸದ್ದೇ ಇಲ್ಲ. ಫೋನ್ ಮಾಡಿದರೆ ಚಿಕ್ಕಮ್ಮ ಎತ್ತಿ, ಮಲಗಿದಾಳೆ ಕಣೆ, ಅನ್ನುತ್ತಾರೆ. ಹಗಲು ಹನ್ನೊಂದಕ್ಕೆ ಮಲಗುವವಳಲ್ಲ ನೀನು, ನನಗೆ ಗೊತ್ತಿಲ್ಲವೇ? ಅದಕ್ಕೇ ಈ ಕಾಗದ.

ನೀನು ವಿಚಾರಣಾ ಸಮಿತಿಗೆ ಬರೆದ ಪತ್ರದ ಪ್ರತಿ ನಿನ್ನೆ ನನ್ನ ಮೇಜಿಗೆ ಬಂತು. ಗೂಟ ಕಿತ್ತು ಹಿಂದಕ್ಕೆ ನೆಟ್ಟವಳು ನಾನೇ, ಅಕ್ಕನಿಗೆ ಇದರ ಗಂಧಗಾಳಿಯೂ ಗೊತ್ತಿರಲಿಲ್ಲ, ಪಕ್ಕದ ಮನೆಯ ಕುರ್ಚಿ ತಾತ ಸತ್ತದ್ದು ನನ್ನಿಂದ, ಅಂತ ಬರೆದಿದ್ದೀಯ. ಅಕ್ಷರ ನಿನ್ನ ಹೊಲಿಗೆಯ ಹಾಗೇ ನೆಟ್ಟಗಿದೆ. ಬಾಗಿಲು ಹಾಕಿಕೊಂಡು ಅತ್ತೆ.

ಈ ದಡ ಮತ್ತು ಜೌಗು ರಕ್ಷಣಾ ಯೋಜನೆಗೆ ನಾನು ಮುಖ್ಯಸ್ಥೆಯಾಗಿ ಆರು ವರ್ಷವಾಯಿತು. ಊರೂರಿಗೆ ಹೋಗಿ ಒಂದೇ ಮಾತು ಹೇಳಿದೆ: ಗೋಡೆ ಕಟ್ಟಿ ಕಡಲಿನ ಜೊತೆ ಜಗಳಕ್ಕೆ ನಿಲ್ಲಬೇಡಿ, ನಾವೇ ನಾಲ್ಕು ಹೆಜ್ಜೆ ಹಿಂದೆ ಸರಿಯೋಣ, ಬಿಟ್ಟ ಜಾಗದಲ್ಲಿ ಜೌಗು ಹುಲ್ಲು ಬೆಳೆದು ಅಲೆಯ ಹೊಡೆತ ತಡೆಯಲಿ. ಪ್ರತಿ ಬೀದಿಯ ಹಿಂದೆ ಗೇಣುದ್ದದ ಹಳದಿ ಗೂಟ ನೆಡಿಸಿದೆ. ಬೀದಿಯವರೇ ಒಬ್ಬರು ತಿಂಗಳಿಗೊಮ್ಮೆ ಗೂಟದಿಂದ ದಡದ ಅಂಚಿಗೆ ಅಳೆದು ಕಾರ್ಡಿನಲ್ಲಿ ಬರೆಯಬೇಕು. ಮೂವತ್ತು ಅಡಿಗಿಂತ ಕಡಿಮೆಯಾದರೆ ಆ ಬೀದಿಯ ಮನೆಗಳೆಲ್ಲ ಮೊದಲ ಹಂತದಲ್ಲೇ ಒಳಗಿನ ಹೊಸ ಜಾಗಕ್ಕೆ. ನಿಮ್ಮ ಬೀದಿಯಲ್ಲಿ ಯಾರು ಅಳೀತೀರಿ ಅಂತ ಕೇಳಿದಾಗ ಎಲ್ಲರೂ ನಿನ್ನ ಕಡೆ ಕೈ ತೋರಿಸಿದರು. ಟೈಲರಮ್ಮನ ಟೇಪು ಸುಳ್ಳು ಹೇಳುತ್ತಾ ಅಂದರು.

ಟೇಪು ಸುಳ್ಳು ಹೇಳಲಿಲ್ಲ, ಪಾಪ. ಕಡಲು ಒಂದಡಿ ತಿಂದರೆ ನೀನು ಗೂಟವನ್ನು ಒಂದಡಿ ಹಿಂದೆ ನೆಟ್ಟೆ. ಹದಿನಾಲ್ಕು ತಿಂಗಳು ಕಾರ್ಡಿನಲ್ಲಿ ನಲವತ್ತು, ನಲವತ್ತು, ನಲವತ್ತು.

ಯಾಕೆ ಅಂತ ನಾನು ಕೇಳುವುದಿಲ್ಲ. ಹೊಲಿಗೆ ಮಿಷನ್ನಿಗೆ ಬೆಳಕು ಎಡಗಡೆಯಿಂದ ಬೀಳಬೇಕು ಅಂತ ನಿನ್ನ ಯಜಮಾನರು ಎರಡು ಸಲ ಒಡೆಸಿ ಇಡಿಸಿದ ಕಿಟಕಿ ಅದು. ಅವರು ಹೋದ ಮೇಲೆ ನಿನಗೆ ಉಳಿದದ್ದು ಆ ಬೆಳಕೊಂದೇ. ಬಿಟ್ಟು ಬಾರೇ ಅಂತ ನಾನು ಅಂದ ದಿನ, ಸತ್ತ ಮೇಲೆ ಬರ್ತೀನಿ ಕಣೇ ದೊರೆಸಾನಿ, ಅಂದಿದ್ದೆ ನೀನು.

ಹೋದ ವರ್ಷ ಸರ್ವೇಯರ್ ಜೊತೆ ತಪಾಸಣೆಗೆ ಬಂದದ್ದು ನೆನಪಿದೆಯಾ? ನೀನು ಗುಂಡಿ ತರಲು ಅಂಗಡಿಗೆ ಹೋಗಿದ್ದೆ. ಬಂದು ನೋಡಿದರೆ ನಾನು ಹಿತ್ತಲಲ್ಲಿ ನಿನ್ನ ಒದ್ದೆ ಬೆಡ್‌ಶೀಟು ಹರವುತ್ತಿದ್ದೆ. ಅಯ್ಯೋ, ಇಷ್ಟು ದೊಡ್ಡ ಆಫೀಸರು ನನ್ನ ಮನೇಲಿ ಬಟ್ಟೆ ಒಣಗಿ ಹಾಕ್ತಿದಾರಲ್ಲಪ್ಪಾ, ಸಂಬಳ ಎಷ್ಟು ಕೊಡ್ಲಿ, ಅಂತ ಬಿದ್ದು ಬಿದ್ದು ನಕ್ಕೆ. ನಿನ್ನ ನಗು ನಾನು ಕೊನೆಯ ಸಲ ಕೇಳಿದ್ದು ಅವತ್ತೇ.

ನಾಳೆ ಹನ್ನೊಂದಕ್ಕೆ ನನ್ನ ವಿಚಾರಣೆ. ಕಡಲು ಎರಡು ತಿಂಗಳು ಒಂದೇ ಅಳತೆ ಕೊಡುವುದಿಲ್ಲ, ಹದಿನಾಲ್ಕು ತಿಂಗಳು ಕೊಟ್ಟಾಗ ನಾನು ಅನುಮಾನ ಪಡಬೇಕಿತ್ತು, ಕೆಲಸದ ಗಡಿಬಿಡಿಯಲ್ಲಿ ಕಾರ್ಡಿಗೆ ಸಹಿ ಹಾಕಿದೆ, ಅಜಾಗರೂಕತೆ ನನ್ನದು, ಅಂತ ಹೇಳುತ್ತೇನೆ. ಎಚ್ಚರಿಕೆ ಪತ್ರ ಕೊಡಬಹುದು, ವರ್ಗ ಮಾಡಬಹುದು. ನಿನ್ನ ಮೇಲಿನ ಭಾರ ಅಷ್ಟಾದರೂ ಇಳಿಯಲಿ.

ಕುರ್ಚಿ ತಾತನನ್ನು ನೆನೆದರೆ ಮಾತ್ರ ಊಟದ ಡಬ್ಬಿ ಮುಚ್ಚಿ ಆಚೆ ಇಡುತ್ತೇನೆ. ನಿನ್ನ ಪಕ್ಕದ ಮನೆಯ ಹಿತ್ತಲಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು, ನೀನು ಅಳೆದಾಗಲೆಲ್ಲ, ಎಷ್ಟು ಬಂತು ಟೈಲರಮ್ಮಾ, ಅಂತ ಕೇಳುತ್ತಿದ್ದರಂತೆ. ನೀನು ನಲವತ್ತು ಅಂದರೆ, ನನ್ನ ಕಾಲಕ್ಕೆ ಸಾಕು ಬಿಡು, ಅನ್ನುತ್ತಿದ್ದರಂತೆ. ಮೂರು ವಾರದ ಹಿಂದೆ, ಕಡಲು ಉಕ್ಕಿ ಅಲೆ ಎದ್ದ ಮೂರನೇ ದಿನ, ನೀನು ಮನೆಮನೆಯ ಬಾಗಿಲು ಬಡಿದು ಹದಿನೆಂಟು ಮನೆ ಖಾಲಿ ಮಾಡಿಸಿದೆ. ತಾತ ಮಾತ್ರ ಏಳಲಿಲ್ಲ. ನಲವತ್ತು ಅಡಿ ಇದೆಯಲ್ಲಮ್ಮಾ, ನೀನೇ ಅಳೆದದ್ದು, ಅಂದರು. ನೀನು ಎತ್ತಿಕೊಂಡು ಬರಲು ಇಬ್ಬರನ್ನು ಕರೆತರುವಷ್ಟರಲ್ಲಿ ಕುರ್ಚಿಯೂ ಇರಲಿಲ್ಲ, ಹಿತ್ತಲೂ ಇರಲಿಲ್ಲ. ನಿನ್ನ ಕಿಟಕಿಯೂ ಹೋಯಿತು.

ಚಿಕ್ಕಮ್ಮನ ಮನೆಯಲ್ಲಿ ಏನಾದರೂ ತಿನ್ನು. ಬೈಯುವುದಾದರೂ ಸರಿ, ಒಂದು ಸಲ ಫೋನ್ ಎತ್ತು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಒಡೆದೆ. ಅನುಮಾನ ಪಡಬೇಕಿತ್ತು ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ಅವತ್ತು ಸರ್ವೇಯರ್ ಗೂಟ ಹುಡುಕುತ್ತಾ ದಡದ ಕಡೆ ನಡೆದಾಗ, ನಿನ್ನ ಅಡುಗೆಮನೆಯ ಗೋಡೆಯ ಪಕ್ಕ ಅದು ನನ್ನ ಕಣ್ಣಿಗೆ ಬಿತ್ತು. ಒಗೆದ ಬಟ್ಟೆಯ ಬುಟ್ಟಿ ಅಲ್ಲೇ ಇತ್ತು. ಬಟ್ಟೆ ತೆಗೆದು ಬುಟ್ಟಿಯನ್ನು ಗೂಟದ ಮೇಲೆ ಬೋರಲು ಹಾಕಿದೆ. ಕೈಯಲ್ಲಿ ಉಳಿದ ಬಟ್ಟೆಯನ್ನು ಏನು ಮಾಡಲಿ? ಹರವುತ್ತಾ ನಿಂತೆ. ಗೂಟ ಮರಳಲ್ಲಿ ಹೂತಿರಬೇಕು, ಕಾರ್ಡು ಇದೆಯಲ್ಲ ಬಿಡಿ, ಅಂತ ಸರ್ವೇಯರಿಗೆ ಹೇಳಿದೆ. ನಿನ್ನ ಕಿಟಕಿಗಾಗಿ ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ತಂಗಿಯ ಬೀದಿ ಮೊದಲ ಪಟ್ಟಿಯಲ್ಲಿ ಬಂದರೆ, ಬಡಿಸುವವಳು ನಮ್ಮವಳಾದರೆ ಪಂಕ್ತಿಯ ಕೊನೆಯಲ್ಲಿ ಕೂತರೇನು ಅಂತ ಜನ ಆಡಿಕೊಳ್ಳುತ್ತಾರೆ ಅನ್ನುವ ಹೆದರಿಕೆ. ನನ್ನ ಹೆಸರು ನನಗೆ ತಾತನಿಗಿಂತ ದೊಡ್ಡದಾಯಿತು.

ನಾನು ಹೋದ ಮೇಲೆ ಬುಟ್ಟಿ ಎತ್ತಿದವಳು ನೀನು. ಅಡಿಯಲ್ಲಿ ಏನಿತ್ತು ಅಂತ ನಿನಗೆ ಗೊತ್ತು, ಅದನ್ನು ಮುಚ್ಚಿದವಳು ಯಾರು ಅಂತಲೂ ಗೊತ್ತು. ಆದರೂ ಅಕ್ಕನಿಗೆ ಗೊತ್ತಿರಲಿಲ್ಲ ಅಂತ ಬರೆದೆಯಲ್ಲೇ, ಪಿಟೀಲು.

ನಾಳೆ ಬುಟ್ಟಿಯ ವಿಷಯ ನಾನು ಹೇಳುತ್ತೇನೆ. ಕೆಲಸ ಹೋಗುತ್ತದೆ, ಅದರ ಮುಂದೆ ಏನಾಗುತ್ತದೋ ಆಗಲಿ. ಅವರು ನಿನ್ನನ್ನು ಕರೆದು ಕೇಳಿದಾಗ, ಇಲ್ಲ ಅನ್ನಬೇಡ.