ತನಿಷಾ ಅಜ್ಜಿಗೆ ಬರೆದ ಸಾಲು

ಟ್ಯಾಂಪಿನೀಸ್, ಸಿಂಗಪುರ, ಭಾನುವಾರ ಸಂಜೆ

ಅನಂತರಾಮ್ ಅಂಕಲ್‌ಗೆ ನಮಸ್ಕಾರ.

ನನ್ನ ಭಾನುವಾರದ ಕನ್ನಡ ತರಗತಿಯ ಒಂಬತ್ತು ವರ್ಷದ ತನಿಷಾ, ನೀವು ಸಂಪಾದಿಸುವ ನಮ್ಮ ಸಂಘದ ರಾಜ್ಯೋತ್ಸವ ಸಂಚಿಕೆಗೆ, ತೀರಿಕೊಂಡ ತನ್ನ ಅಜ್ಜಿಗೆಂದು ನಾಲ್ಕು ಸಾಲು ಬರೆದಿದ್ದಳು. “ಇದೇನಮ್ಮಾ, ಕನ್ನಡದಲ್ಲೂ ಸಿಂಗಪುರದವರು ಮಾತಿನ ಕೊನೆಗೆ ಅಂಟಿಸುವ ‘ಲಾ’? ತಿದ್ದಿಕೊಡು” ಎಂದು ವಾಪಸ್ ಕಳಿಸಿದಿರಿ. ವಾದ ಮಾಡುವ ತ್ರಾಣ ಇರಲಿಲ್ಲ. ತಿದ್ದಿದೆ.

ವಾರವೆಲ್ಲ ಯೂನಿವರ್ಸಿಟಿಯಲ್ಲಿ ನಾನು ಹೇಳಿಕೊಡುವುದು ಯುರೋಪಿನ ಭಾಷೆಗಳ ಚರಿತ್ರೆ. ಅಲ್ಲಿನ ಪಂಡಿತರು ಶತಮಾನಗಳ ಕಾಲ ಲ್ಯಾಟಿನ್‌ನಲ್ಲೇ ಬರೆದರು. ಜನ ಮನೆಯಲ್ಲಿ ಆಡುತ್ತಿದ್ದದ್ದು ಅವರ ಕಿವಿಗೆ ಕೆಟ್ಟ ಲ್ಯಾಟಿನ್. ಆ ಕೆಟ್ಟ ಮಾತೇ ಬೆಳೆದು ಫ್ರೆಂಚ್ ಆಯಿತು, ಇಟಾಲಿಯನ್ ಆಯಿತು. ಅದರಲ್ಲಿ ಬರೆಯುವ ಧೈರ್ಯ ಬಂದ ಮೇಲೆ ಕಾವ್ಯವೂ ಹುಟ್ಟಿತು. ಇಷ್ಟೆಲ್ಲ ಪಾಠ ಮಾಡುವವಳು ಕಳೆದ ಭಾನುವಾರ ಮಗುವಿನ ಸಾಲಿಗೆ ಕೆಂಪು ಗೀಟು ಹಾಕಿದೆ.

“ಅಜ್ಜೀ, ನೀವು ತುಸು ಕಾಯಬೇಕಿತ್ತು, ನಾನು ಶಾಲೆಯಿಂದ ಬರುತ್ತಿದ್ದೆ” ಎಂದಾಯಿತು. ತನಿಷಾ ಓದಿ, “ಇದು ನಮ್ಮಜ್ಜಿಗಲ್ಲ ಆಂಟಿ” ಎಂದಳು. ಇವತ್ತು ತರಗತಿಗೆ ಬರಲಿಲ್ಲ.

ಅವಳು ಬರೆದಂತೆಯೇ ಅಚ್ಚು ಹಾಕಿಸಿ. ಆಗದಿದ್ದರೆ ತರಗತಿಗೆ ಬೇರೆಯವರನ್ನು ನೋಡಿಕೊಳ್ಳಿ, ನನಗೆ ಸಾಕಾಗಿದೆ. ನಾನು ಗೀಟು ಹಾಕಿದ ಅವಳ ಸಾಲು ಇದು:

“ಸ್ವಲ್ಪ ವೇಟ್ ಮಾಡ್ಬೇಕಿತ್ತು ಲಾ ಅಜ್ಜಿ, ನಾನ್ ಸ್ಕೂಲಿಂದ ಬರ್ತಿದ್ದೆ.”

ಸದ್ಯಕ್ಕೆ ನಿಮ್ಮ ಕನ್ನಡ ಟೀಚರ್,
ಪ್ರಣತಿ